ಕಷಾಯದ ಚರಟ

ಯೂನ್‌ಲಿಂಗ್, ಎನ್‌ಶಿ ಬೆಟ್ಟಸೀಮೆ
೮ ಜನವರಿ ೧೯೯೫, ಲಾಬಾ ಗಂಜಿಯ ದಿನ

ಚುನ್‌ಯಾಳ ಅಪ್ಪನಿಗೆ, ನಿಮ್ಮ ಸುಯುವೆಯ ನಮಸ್ಕಾರ.

ಹೇಗಿದ್ದೀರಿ? ಸುರಂಗದ ಕೆಲಸದ ಧೂಳಿಗೆ ಕೆಮ್ಮು ಮತ್ತೆ ಶುರುವಾಯಿತೇ? ಹೋದ ಕಾಗದದಲ್ಲಿ ನೀವು ಆ ಸುದ್ದಿಯನ್ನೇ ಎತ್ತಲಿಲ್ಲ, ಅದರಿಂದಲೇ ಕೆಮ್ಮು ಇದೆಯೆಂದು ಗೊತ್ತಾಯಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗಿ. ಬೆಳಿಗ್ಗೆ ಎಂಟು ಬಗೆಯ ಕಾಳು ಹಾಕಿ ಹಬ್ಬದ ಗಂಜಿ ಮಾಡಿದೆ. ಎಂಟು ಅನ್ನುವುದು ಹೆಸರಿಗೆ, ಮನೆಯಲ್ಲಿದ್ದದ್ದು ಐದೇ. ಚುನ್‌ಯಾ ನಿಮ್ಮ ಬಟ್ಟಲಿಗೂ ಬಡಿಸಿಟ್ಟು, ಸ್ವಲ್ಪ ಹೊತ್ತು ಕಾದು, ಅದನ್ನೂ ತಾನೇ ತಿಂದಳು. ಮುಂದಿನ ಎರಡು ಹಲ್ಲು ಬಿದ್ದಿವೆ. ನಕ್ಕರೆ ಥೇಟ್ ಅವಳಜ್ಜಿಯೇ.

ಅತ್ತೆಯ ವಿಷಯ ಬರೆಯಲು ಎರಡು ಸಲ ಕೂತು ಎದ್ದೆ. ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಕಾಲು ಜಾರಿ ಬಿದ್ದರೆಂದು ಹಿಂದೆಯೇ ಬರೆದಿದ್ದೆನಲ್ಲ, ಅದಾಗಿ ನಲವತ್ತಮೂರು ದಿನವಾಯಿತು. ತೊಡೆಯ ಎಲುಬು ಸೊಂಟದ ಸಂದಿನಲ್ಲೇ ಮುರಿದಿದೆ. ಪೇಟೆಯ ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಒಣಗಿದ ಹೀರೇಕಾಯಿಯ ನಾರಿನ ಹಾಗಿತ್ತು, ಬರೀ ತೂತು. ಆಪರೇಷನ್ನಿಗೆ ಹೃದಯ ತಡೆಯುವುದಿಲ್ಲವೆಂದು ವಾಪಸು ಕಳಿಸಿದರು. ಆಮೇಲೆ ನಮ್ಮ ಷಿಯಾಂಗ್ ವೈದ್ಯರೇ ಗತಿ. ಸೊಂಟಕ್ಕೆ ಸೊಪ್ಪು ಅರೆದು ಕಟ್ಟಿ, ಸೊಂಟನೋವಿಗೆಂದು ಬೇಸಿಗೆಯಿಂದ ಕುಡಿಯುತ್ತಿದ್ದ ತೊಗಟೆಯ ಕಷಾಯವನ್ನೇ ಗಟ್ಟಿ ಮಾಡಿ, ಅದಕ್ಕೆ ಇನ್ನೊಂದು ಬೇರು ಸೇರಿಸಿದರು. ಆ ಬೇರಿನ ಹೆಸರೇ ‘ಮುರಿದದ್ದನ್ನು ಕೂಡಿಸುವುದು’. ಹೆಸರು ಕೇಳಿ ನನಗೆ ಎಷ್ಟು ಧೈರ್ಯ ಬಂತು ಗೊತ್ತೇ? ಪೆದ್ದಿ ನಾನು.

ಕೂಡಲಿಲ್ಲ. ಬೆನ್ನಿನಲ್ಲಿ ಅಂಗೈಯಗಲ ಹುಣ್ಣಾಗಿದೆ. ಮೂರು ದಿನದಿಂದ ಎದೆಯಲ್ಲಿ ಕಫ ಗೊರಗೊರ ಅನ್ನುತ್ತದೆ. ನಿನ್ನೆ ವೈದ್ಯರು ಬಂದು ನಾಡಿ ಹಿಡಿದವರು ಬೇಗನೆ ಕೈ ಬಿಟ್ಟರು. ಹೊಸ ಚೀಟಿ ಬರೆಯಲಿಲ್ಲ. ಹೊಸ್ತಿಲು ದಾಟುವಾಗ ನನ್ನ ಮುಖ ನೋಡದೆ, ನಿಮ್ಮ ಹೆಸರೆತ್ತಿ, "ಪಿಂಗ್‌ಗೆ ಒಂದು ಕಾಗ್ದ ಹಾಕ್ಬಿಡಮ್ಮ" ಅಂದರು. ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ವಸಂತ ಹಬ್ಬದ ಹೊಸ ವರ್ಷದ ರಜೆಯವರೆಗೆ ಕಾಯಬೇಡಿ. ಇನ್ನೂ ಮೂರು ವಾರವಿದೆ, ಅಷ್ಟು ದಿನ ಇಲ್ಲ.

ನಿಮ್ಮಮ್ಮನ ಬಾಯಿ ಮಾತ್ರ ಇನ್ನೂ ಸೋತಿಲ್ಲ. "ತೊಗಟೆ ಕುಡ್ದು ಕುಡ್ದು ನಾನೇ ಮರ ಆಗೋದೆ ಕಣೇ, ಇನ್ನು ನನ್ನೂ ಸುಲೀರಿ" ಅನ್ನುತ್ತಾರೆ. ನೀವು ಹುಣ್ಣಿಮೆ ಹಬ್ಬ ಮುಗಿಸಿ ಹೊರಡುವ ಮುಂಚೆ ಹಿತ್ತಲ ಮರದಿಂದ ಸುಲಿದು ಒಣಗಿಸಿಟ್ಟ ದುಝೋಂಗ್ ತೊಗಟೆ ಇನ್ನೂ ಅರ್ಧ ಚೀಲವಿದೆ. ಅವತ್ತು ಒಂದು ಚಕ್ಕೆ ಮುರಿದು, ನಡುವೆ ಜಗ್ಗಿದ ಬಿಳಿ ಎಳೆ ತೋರಿಸಿ, "ನೋಡೇ, ಮುರಿದ್ರೂ ಬಿಡಲ್ಲ ಇದು. ಅಮ್ಮನ ಸೊಂಟಾನೂ ಹಿಂಗೇ ಹಿಡ್ಕೊಳ್ತದೆ" ಅಂದಿದ್ದಿರಿ. ಈಗಲೂ ಚಕ್ಕೆ ಮುರಿಯುವಾಗೆಲ್ಲ ಆ ಎಳೆ ನೋಡುತ್ತೇನೆ.

ಕಷಾಯ ಸೋಸಿದ ಮೇಲೆ ಚರಟವನ್ನು ಮೂರು ದಾರಿ ಕೂಡುವಲ್ಲಿಗೇ ಹೋಗಿ ಸುರಿಯಬೇಕೆಂದು ಅತ್ತೆಯ ಕಟ್ಟಪ್ಪಣೆ, ನಿಮಗೆ ಗೊತ್ತಲ್ಲ. "ಹೋಗೋ ಬರೋರು ತುಳ್ದು ನನ್ ನೋವ ಹೊತ್ಕೊಂಡ್ ಹೋಗ್ಲಿ. ನಮ್ಮನೆಯೋರು ತುಳೀಬಾರ್ದು, ಮತ್ತೆ ಮನೆಗೇ ಬರ್ತದೆ." ಹಾಸಿಗೆ ಹಿಡಿದ ಮೇಲೂ ದಿನಾ ಬೆಳಿಗ್ಗೆ ಕೇಳುತ್ತಾರೆ, ಸುರಿದೆಯಾ ಎಂದು. ನೋಡಲು ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ: "ಮಂಜುಗಡ್ಡೆ ಬೀಳಿಸ್ತು, ಸೊಸೆ ಎತ್ತಿದ್ಲು." ಪಕ್ಕದ ಮನೆಯಾಕೆ ನಾಲ್ಕು ಸಲ ಕೇಳಿದಳು, ನಾಲ್ಕು ಸಲವೂ ಅದೇ. ಇನ್ನೊಂದು ಹಟ ಹೇಳಿದರೆ ನಗುತ್ತೀರಿ. ಬಿದ್ದ ದಿನ ಕಾಲಿಗೆ ಹಾಕಿದ್ದ ಬಟ್ಟೆಯ ಜೋಡುಗಳಲ್ಲಿ ನನಗೆ ಒಂದೇ ಸಿಕ್ಕಿತು. ಇನ್ನೊಂದೆಲ್ಲಿ ಅಂದರೆ, "ಎದ್ದ ಮೇಲೆ ನಾನೇ ಹುಡುಕಿ ತೊಳ್ಕೋತೀನಿ, ನಿಂಗ್ಯಾಕೆ" ಎಂದು ರೇಗುತ್ತಾರೆ. ಏಳುವುದಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ನಿಮ್ಮ ಹೆಸರನ್ನು ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಬಸ್ಸಿನ ಸದ್ದಾದರೆ ಕತ್ತು ತಿರುಗಿಸುತ್ತಾರೆ. ನಾನು ಕೈಚೆಲ್ಲಿದ್ದೇನೆ, ಸುಳ್ಳು ಹೇಳಲಾರೆ. ಒಲೆ ಹೊತ್ತಿಸುತ್ತೇನೆ, ಗಡಿಗೆ ಇಡುತ್ತೇನೆ, ಅದು ಕುದಿಯುತ್ತದೆ, ಅವರು ಕುಡಿಯುತ್ತಾರೆ. ಯಾರಿಗೂ ನಂಬಿಕೆಯಿಲ್ಲ.

ಅತ್ತೆ ನಿಮ್ಮ ತಲೆ ಸವರಿದ್ದೇನೆಂದು ಬರೆಯಲು ಹೇಳಿದರು. ಚುನ್‌ಯಾ ಕೆಳಗೆ ಬರೆದಿರುವ ಗೀಚು ಅವಳ ಹೆಸರು. ಬರುವಾಗ ದಪ್ಪ ಕೋಟು ಹಾಕಿಕೊಂಡು ಬನ್ನಿ, ಘಾಟಿಯಲ್ಲಿ ಚಳಿ ಹೆಚ್ಚಿದೆ.

ನಿಮ್ಮ
ಸುಯುವೆ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಟಪಾಲಿನವನು ಹೊರಗೆ ಅವಸರ ಮಾಡುತ್ತಿದ್ದಾನೆ. ಆ ದಿನ ಮಂಜುಗಡ್ಡೆ ಇರಲಿಲ್ಲ. ಕೈ ಮರಗಟ್ಟಿತ್ತು, ಚುನ್‌ಯಾಗೆ ಸ್ಕೂಲಿಗೆ ಹೊತ್ತಾಗಿತ್ತು, ಮೂರು ದಾರಿಯವರೆಗೆ ಏರು ಹತ್ತಲು ಸೋಮಾರಿತನವಾಯಿತು. ಚರಟವನ್ನು ನಮ್ಮ ಮೆಟ್ಟಿಲ ಮೇಲೇ ಸುರಿದೆ, ಆಮೇಲೆ ಗುಡಿಸಿದರಾಯಿತೆಂದು. ಅತ್ತೆ ಅದರ ಮೇಲೇ ಕಾಲಿಟ್ಟು ಜಾರಿದ್ದು. ಅವರನ್ನು ಒಳಗೆ ಮಲಗಿಸಿ ಓಡಿಬಂದು, ಯಾರೂ ನೋಡುವ ಮೊದಲೇ ಗುಡಿಸಿದೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡಿದ್ದೆ. ಇವತ್ತು ಹಾಸಿಗೆ ಬದಲಿಸುವಾಗ ಆ ಇನ್ನೊಂದು ಜೋಡು ಸಿಕ್ಕಿತು, ದಿಂಬಿನ ಅಡಿಯಲ್ಲಿ. ಅಟ್ಟೆಗೆ ತೊಗಟೆಯ ಚಕ್ಕೆಯೊಂದು ಒಣಗಿ ಅಂಟಿತ್ತು, ಬಿಳಿ ಎಳೆ ಸಮೇತ. ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಜೋಡನ್ನು ಅಲ್ಲೇ ಇಟ್ಟುಬಿಟ್ಟೆ.

ಈಗ ದಿನಾ ಮೂರು ದಾರಿಗೇ ಹೋಗುತ್ತೇನೆ. ಸುರಿದು, ಬೇರೆ ಯಾರೂ ಬರುವ ಮೊದಲು ನಾನೇ ಎರಡೂ ಕಾಲಿನಿಂದ ತುಳಿಯುತ್ತೇನೆ. ನನಗೆ ಏನೂ ಆಗುತ್ತಿಲ್ಲ. ಬೇಗ ಬನ್ನಿ. ಬಂದು ನನ್ನನ್ನು ಏನು ಬೇಕಾದರೂ ಅನ್ನಿ. ಅವರ ಎದುರಿಗೆ ಮಾತ್ರ ಮಂಜುಗಡ್ಡೆ ಎಂದೇ ಹೇಳಿ.