ಹನ್ನೊಂದು ಸಲಾಕೆ

ಸೆಲಾಪ ಹಳ್ಳಿ, ಮುಕಾ, ಸರಾವಾಕ್
ಆಗಸ್ಟ್ 14, ಸೋಮವಾರ

ಕಿಪ್ಲಿ,

ಕ್ಷೇಮ ಕೇಳುವಷ್ಟು ಒಳ್ಳೆಯ ಮನಸ್ಸು ಈಗ ನನಗಿಲ್ಲ. ಕುಚಿಂಗಿನ ದೊಡ್ಡ ಕಚೇರಿಯಲ್ಲಿ ನೀನು ಚೆನ್ನಾಗಿಯೇ ಇರುತ್ತೀಯ. ನಿನ್ನ ಅಮ್ಮ ನನ್ನ ಜೊತೆ ಗಟ್ಟಿಮುಟ್ಟಾಗಿದ್ದಾಳೆ. ಈ ವರ್ಷವೂ ನೆಲ ಇಳಿಯಿತು, ಮನೆಯ ಮೆಟ್ಟಿಲಿಗೆ ಕೆಳಗಿನಿಂದ ಇನ್ನೊಂದು ಹಲಗೆ ಸೇರಿಸಿದೆವು. ಮದುವೆಯಾಗಿ ಬಂದಾಗ ಐದಿದ್ದವು, ಈಗ ಎಂಟು.

ನಿನ್ನೆ ನಿನ್ನ ಹೆರಿಗೆ ಆಸ್ಪತ್ರೆಗೆ ಹೋಗಿದ್ದೆವು. ನಿನ್ನದೇ ಅನ್ನುತ್ತೇನೆ, ಅದರ ನೆಲಪರೀಕ್ಷೆಯ ವರದಿಗೆ ಸಹಿ ಹಾಕಿದವನು ನೀನು. ಕಟ್ಟಡ ಹೊಳೆಯ ಕಡೆಗೆ ವಾಲಿದೆ. ಸುತ್ತಲಿನ ನೆಲ ಮೊಣಕಾಲುದ್ದ ಕುಸಿದು, ಮೆಟ್ಟಿಲು ಕಳಚಿಬಿದ್ದು ಬಾಗಿಲು ಮೇಲೇ ಉಳಿದಿದೆ. ಕಕ್ಕಸಿನ ಕೊಳವೆ ಮುರಿದು ಎಲ್ಲವೂ ಹೆರಿಗೆ ಕೋಣೆಯ ಅಡಿಗೆ ಸೇರುತ್ತಿದೆ. ಬಗ್ಗಿ ನೋಡಿದೆ. ಕಪ್ಪು ನೀರಿನಲ್ಲಿ ಹುಳುಗಳು ಗಿಜಿಗುಡುತ್ತಿದ್ದವು. ಮೇಲೆ ಒಬ್ಬ ಬಾಣಂತಿ ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಮಗುವಿಗೆ ಹಾಲು ಕೊಡುತ್ತಿದ್ದಳು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ನಿನ್ನ ಅಮ್ಮ ದಾದಿಯರ ಎದುರಿಗೇ, "ಬಾಗಿಲಿಗೆ ಹತ್ತೋಕೆ ಏಣಿ ಇಟ್ಟಿದ್ದಾರಲ್ಲೇ! ಬಸುರಿಯರೇನು ಮಂಗಗಳಾ? ನನ್ನ ಮಗ ಇಲ್ಲಿ ಹುಟ್ಟಬೇಕಿತ್ತು, ಬುದ್ಧಿ ಬರ್ತಿತ್ತು" ಅಂದಳು.

ಆ ಪರೀಕ್ಷೆಯ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನ್ನ ಉಗುರಿಗೆ ನೆನಪಿದೆ. ಸಾವಿರಾರು ವರ್ಷ ನೀರಿನಲ್ಲಿ ಬಿದ್ದು ಕೊಳೆತ ಬೇರು, ತೊಗಟೆ, ಎಲೆ, ಅದೇ ನಮ್ಮ ಪೀಟ್ ಮಣ್ಣು. ಹಿಡಿಯಷ್ಟು ತೆಗೆದು ಮುಷ್ಟಿಯಲ್ಲಿ ಹಿಂಡಬೇಕು. ಬರೀ ನೀರು ಸೋರಿದರೆ ಅದರಲ್ಲಿ ಇನ್ನೂ ನಾರಿದೆ, ಸ್ವಲ್ಪ ಬಲವಿದೆ. ಮಣ್ಣೇ ಬೆರಳ ಸಂದಿಯಿಂದ ಜಾರಿಹೋದರೆ ಅದು ಪೂರಾ ಕೊಳೆತದ್ದು. ನಿನಗೆ ವಾಸನೆ ಆಗುವುದಿಲ್ಲವೆಂದು, ಅಳತೆ ಬರೆದುಕೊಳ್ಳಲು ಜೊತೆಗೆ ಬಂದಿದ್ದ ನಾನೇ ಹಿಂಡಿದೆ. ಅಂಗೈಯಲ್ಲಿ ಏನೂ ಉಳಿಯಲಿಲ್ಲ. ಒಂದೊಂದು ಮೀಟರಿನ ಸಲಾಕೆ ಜೋಡಿಸುತ್ತಾ ಇಳಿಸಿದೆವು. ಗಟ್ಟಿ ಜೇಡಿ ಸಿಕ್ಕಿದ್ದು ಹನ್ನೊಂದನೆಯದಕ್ಕೆ. ಒಂದು ಕಿಲೋ ಹಸಿ ಮಣ್ಣು ಒಣಗಿಸಿದರೆ ನೂರು ಗ್ರಾಂ ಉಳಿಯಿತು, ಮಿಕ್ಕಿದ್ದೆಲ್ಲ ನೀರು. ಅಂಥ ನೆಲವನ್ನು ನಿನ್ನ ವರದಿ ಮೂರೇ ಮೀಟರ್ ಆಳದ್ದು ಎಂದಿತು. ಆರು ಮೀಟರಿನ ಕಂಬ ಹೂತರು. ಉದ್ಘಾಟನೆ ತಡವಾಗಲಿಲ್ಲ. ನಿನಗೆ ಕುಚಿಂಗಿಗೆ ಬಡ್ತಿ ಸಿಕ್ಕಿತು.

ಈಗ ಅದೇ ವರದಿ ಹಿಡಿದುಕೊಂಡು ಪಕ್ಕದಲ್ಲೇ ಹುಡುಗಿಯರ ವಸತಿ ಶಾಲೆಗೆ ಗುರುತು ಹಾಕಿದ್ದಾರೆ. ಮೂರಂತಸ್ತು, ತೊಂಬತ್ತು ಮಕ್ಕಳು. ಗುರುವಾರ ಅಧಿಕಾರಿಗಳು ಪರಿಶೀಲನೆಗೆ ಬರುತ್ತಾರೆ, ಅವರು ಒಪ್ಪಿದರೆ ಶನಿವಾರ ಕಂಬ ಹೂಳುತ್ತಾರೆ.

ನಿನ್ನೆ ಸಂಜೆ ಫೋನಿನಲ್ಲಿ ಇದನ್ನೇ ಹೇಳಿದೆ. ನೀನು ನಕ್ಕೆ. "ಹೊಸ ಕಟ್ಟಡ ಸ್ವಲ್ಪ ಕೂತ್ಕೊಳ್ಳುತ್ತೆ ಕಣೇ ಸಿಪಾ, ನೀನೂ ಸ್ವಲ್ಪ ಸುಮ್ನೆ ಕೂತ್ಕೋ" ಅಂದೆ. ಆ ಆಸ್ಪತ್ರೆಯ ಅಡಿಯಲ್ಲಿ ಕಂಡದ್ದಕ್ಕಿಂತ ಆ ನಗು ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿತು. ಈ ಮನುಷ್ಯನ ತಟ್ಟೆಯಲ್ಲಿ ಹಸಿಮೀನಿನ ಉಮಾಯ್ ಕಲಸಿ ತಿಂದೆನಲ್ಲಾ ಅನ್ನಿಸಿ ರಾತ್ರಿ ಊಟ ಸೇರಲಿಲ್ಲ.

ವರದಿ ಸುಳ್ಳೆಂದು ಗುರುವಾರದೊಳಗೆ ನೀನೇ ಬರೆದು ಕಳಿಸು. ನಿನ್ನಿಂದ ನನಗೆ ಬೇರೇನೂ ಬೇಡ, ವಾಪಸು ಬರುವುದೂ ಬೇಡ.

ನಿನ್ನ ಅಮ್ಮನ ಸೊಸೆ ಮಾತ್ರ ಆಗಿ ಉಳಿದಿರುವ,
ಸಿಪಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಸಹಿ ನಿನ್ನದು, ಆದರೆ ವರದಿಯಲ್ಲಿ "ಮೂರು" ಎಂದು ಬರೆದ ಕೈ ನನ್ನದು. ಕುಚಿಂಗಿನಲ್ಲಿ ಮೆಟ್ಟಿಲು ಸೇರಿಸಬೇಕಿಲ್ಲದ ಗಟ್ಟಿ ನೆಲದ ಮನೆ ಮಾಡೋಣ ಅಂದೆ ನೀನು, ನಾನು ಬರೆದೆ. ಆಮೇಲೆ ನಿನ್ನದೇ ಸೋಪಿನಲ್ಲಿ ಕೈ ತೊಳೆದುಕೊಂಡೆ. ಹನ್ನೊಂದು ಎಂದಿರುವ ಅಂದಿನ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. ನೀನು ಬರೆದರೂ ಬಿಟ್ಟರೂ ಗುರುವಾರ ಬರುವವರಿಗೆ ಆ ಹಾಳೆ ಕೊಡುತ್ತೇನೆ, ವರದಿಯ "ಮೂರು" ಯಾರು ಬರೆದದ್ದೆಂದೂ ಹೇಳುತ್ತೇನೆ. ನಿನ್ನ ಅಮ್ಮನಿಗೆ ಇವತ್ತು ಹೇಳಿದೆ. ಅವಳು ಮಧ್ಯಾಹ್ನದಿಂದ ನನ್ನ ಕೈಯಿಂದ ನೀರೂ ತೆಗೆದುಕೊಂಡಿಲ್ಲ.