ಗಾಜಿನ ಮೇಲೆ ಬೆಳ್ಳಿ

ಎಮ್ನಾ,

ನಾವಿಬ್ಬರೂ ಕಟ್ಟುತ್ತಿದ್ದ ಯಂತ್ರ ಇವತ್ತು ಕೆಲಸ ಮಾಡಿತು ಕಣೇ. ನೀನೀಗ ಇರುವ ಮಾರ್ಸೇ ಊರಿನ ವಿಳಾಸ ನನಗೆ ಗೊತ್ತಿಲ್ಲ, ಕೇಳುವಷ್ಟು ಮಾತೂ ನಮ್ಮ ನಡುವೆ ಉಳಿದಿಲ್ಲ. ಆದರೂ ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನೀನು ನಮ್ಮ ಸ್ಫಾಕ್ಸ್ ಊರು ಬಿಡುವಾಗ ಸೋರುತ್ತಿದ್ದ ನಿರ್ವಾತ ಪಾತ್ರೆ ಈ ಬೆಳಿಗ್ಗೆ ಸೋರಲಿಲ್ಲ. ಮೇಷ್ಟ್ರೂ ನಾನೂ ಬೆಳ್ಳಿಯನ್ನು ಕಾಯಿಸಿ, ಅದರ ಆವಿಯನ್ನು ಗಿರ್ರನೆ ತಿರುಗುವ ಡ್ರಮ್ಮಿನ ಸೀಳಿನೊಳಗೆ ಬಿಟ್ಟೆವು. ಆಮೇಲೆ ಒಳಗಿನ ಗಾಜು ತೆಗೆದು ನೋಡಿದರೆ ಬೆಳ್ಳಿಯ ಕಲೆ ಮೂಡಿತ್ತು. ಬಲು ವೇಗದ ಕಣಗಳು ಮೊದಲು ತಲುಪಿ ಒಂದು ಅಂಚಿನಲ್ಲಿ, ತೀರ ನಿಧಾನದವು ಇನ್ನೊಂದು ಅಂಚಿನಲ್ಲಿ ತೆಳ್ಳಗೆ ಕೂತಿದ್ದವು. ಉಳಿದವೆಲ್ಲ ನಡುವೆ, ದಟ್ಟವಾಗಿ. ಕಾವು ಒಂದೇ ಆದರೂ ಎಲ್ಲ ಕಣಗಳೂ ಒಂದೇ ವೇಗದಲ್ಲಿ ಓಡುವುದಿಲ್ಲವೆಂದು ನಾವು ಓದಿದ್ದನ್ನು ಕಣ್ಣಾರೆ ಕಂಡೆ.

ಘೊರ್ಬೆಲ್ ಮೇಷ್ಟ್ರು ಖರ್ಜೂರದ ಸಿಹಿತಿಂಡಿ ಮಕ್ರೂದ್ ತರಿಸಿ, "ತಿನ್ನಮ್ಮ, ನನ್ನ ಸಕ್ಕರೆ ಕಾಯಿಲೆಗೂ ಇವತ್ತು ರಜೆ" ಅಂದರು. ನಗು ಬಂದು ನನಗೆ ನೆತ್ತಿಗೆ ಹತ್ತಿತು.

ಗಾಜಿಟ್ಟ ಪೆಟ್ಟಿಗೆಯ ಮೇಲೆ ನಿನ್ನ ಹೆಸರು ಬರೆದು, ಅದರ ಕೆಳಗೆ ನನ್ನದನ್ನು ಬರೆದೆ.

"ಅವಳು ಬಿಟ್ಟು ಹೋದಳಲ್ಲಮ್ಮ?" ಅಂದರು ಮೇಷ್ಟ್ರು.

"ಡ್ರಮ್ ಅವಳು ಮಾಡಿದ್ದಲ್ವಾ ಸಾರ್."

ಅವರು ಪೆಟ್ಟಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಹಾಗಿದ್ರೆ ಅವಳ ಹೆಸರು ಇನ್ನೂ ದಪ್ಪಗೆ ಬರೀ. ನನಗೇ ಕಾಣಿಸ್ತಿಲ್ಲ."