ಮೀಸೆ ಮಣ್ಣಾದ ಮೇಲೆ

ಓಲ್ಡ್ ಬ್ರಿಡ್ಜ್, ನ್ಯೂಜೆರ್ಸಿ
ಭಾನುವಾರ, ನವೆಂಬರ್ 7, 2010

ಪ್ರೀತಿಯ ದಿವಾಕರ ಅವರಿಗೆ,

'ಪ್ರೀತಿಯ' ಅನ್ನುವುದನ್ನು ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕೋಣ ಅಂದುಕೊಂಡೆ, ಮೊದಲ ಸಾಲಿನಲ್ಲೇ ಕಾಟು ಹಾಕಿದರೆ ಕಾಗದ ಅಸಹ್ಯವಾಗಿ ಕಾಣುತ್ತದೆ ಅಂತ ಬಿಟ್ಟಿದ್ದೇನೆ. ಅದಕ್ಕೆ ಹೆಚ್ಚಿನ ಅರ್ಥ ಹಚ್ಚಬೇಡಿ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ಪಾಸ್‌ಪೋರ್ಟ್ ಕಳಿಸಿಕೊಡಿ. ಜನವರಿಯಲ್ಲಿ ನೀವು ಮನೆ ಬಿಟ್ಟು ಸೀಕಾಕಸ್‌ಗೆ ಹೋದಾಗ ಆ ಕಂದು ಬಣ್ಣದ ಪೌಚನ್ನೂ ತೆಗೆದುಕೊಂಡು ಹೋದಿರಿ. ಬೇಕೆಂದು ಒಯ್ದಿರಿ ಅನ್ನುತ್ತಿಲ್ಲ. ಇಪ್ಪತ್ತಾರು ವರ್ಷ ನನ್ನ ಪಾಸ್‌ಪೋರ್ಟ್ ನಿಮ್ಮ ಸೊಂಟದಲ್ಲೇ ಇತ್ತು, ಅದು ನಿಮ್ಮದೇ ಅಂತ ನಿಮಗೂ ಅನಿಸಿರಬೇಕು, ನನಗೂ ಅನಿಸಿತ್ತು. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು "ನೋಡೋಣ, ಇರು ಚಂದ್ರಾ" ಅನ್ನುತ್ತೀರಿ, ನಾನೂ ಇದ್ದುಬಿಡುತ್ತೇನೆ. ಅದಕ್ಕೇ ಈ ಪತ್ರ.

ನೀವು ಕಳಿಸಿದ ಬ್ರೋಷರ್ ದೀಪಾವಳಿಯ ದಿನವೇ ಬಂತು. ಹನ್ನೊಂದು ದಿನ, ಏಳು ದೇಶ, ಬಸ್ಸಿನ ಜೊತೆಗೇ ಬರುವ ನಮ್ಮವರ ಅಡುಗೆ ಭಟ್ಟ. ಮೇಲೆ ಹಳದಿ ಚೀಟಿಯಲ್ಲಿ ನಿಮ್ಮ ಕೈಬರಹ: ಕನೆಕ್ಟಿಕಟ್‌ನ ಮುಕುಂದ್ ಮತ್ತು ರಂಜನಿ ಆಗಲೇ ಹೆಸರು ಕೊಟ್ಟಿದ್ದಾರೆ, ನಾವು ಬರುವುದಿಲ್ಲ ಅಂದರೆ ಏಕೆ ಅಂತ ಕೇಳುತ್ತಾರೆ, ಅವರಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲ, ಹನ್ನೊಂದು ದಿನದ ಮಾತು, ಅಡ್ಜಸ್ಟ್ ಮಾಡಿಕೋ. ಓದಿ ಮೊದಲು ನಗು ಬಂತು. ಆಮೇಲೆ ಕೋಪ ಬಂತು, ಎಷ್ಟು ಬಂತೆಂದರೆ ಒಲೆಯ ಮೇಲಿದ್ದ ಹೋಳಿಗೆ ಕರಕಲಾಯಿತು. ಅಲ್ಲಾ ರೀ, ಹತ್ತು ತಿಂಗಳಿಂದ ಒಂದು ಸೂರಿನಡಿ ಇಲ್ಲದವರು ಹನ್ನೊಂದು ದಿನ ಒಂದೇ ಬಸ್ಸಿನಲ್ಲಿ ಗಂಡ ಹೆಂಡತಿಯ ಪಾರ್ಟು ಮಾಡಬೇಕೇ? ಬಣ್ಣ ಹಚ್ಚಿಕೊಳ್ಳುವುದಕ್ಕೂ ನನಗೆ ವಯಸ್ಸಾಯಿತು.

ಆದರೂ ಬ್ರೋಷರನ್ನು ಪೂರ್ತಿ ಓದಿದೆ. ರೋಮ್ ನೋಡುವ ಆಸೆ ನನ್ನದೇ ಆಗಿತ್ತಲ್ಲ, ನಿಮ್ಮದಲ್ಲ. ಮದುವೆಗೆ ಮುಂಚೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದ ಕಾಲದಿಂದ ಹೇಳುತ್ತಾ ಬಂದಿದ್ದೆ, ಆ ದೊಡ್ಡ ದುಂಡನೆಯ ಅಖಾಡವನ್ನು ಒಂದು ಸಲ ನೋಡಬೇಕು ಅಂತ. ಬ್ರೋಷರಿನ ಪ್ರಕಾರ ಅದಕ್ಕೆ ಇಪ್ಪತ್ತು ನಿಮಿಷ. ಅದೂ ಹೊರಗಿನಿಂದ, 'ಫೋಟೋ ಸ್ಟಾಪ್'. ಬಸ್ಸಿಳಿದು, ಹಲ್ಲು ಕಿರಿದು, ಮತ್ತೆ ಬಸ್ಸು ಹತ್ತುವುದು.

ನಿನ್ನೆ ಅನುಷ್ಕಾ ಮ್ಯಾನ್‌ಹಟನ್ನಿನಿಂದ ಬಂದಿದ್ದಳು. ಅವಳ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ಕೂತು ಅದರ ಒಳಗೆ ಹೋಗುವ ಟೂರುಗಳನ್ನು ಹುಡುಕಿದೆವು. ಕಿವಿಗೆ ವಿವರಣೆ ಹೇಳುವ ಯಂತ್ರ ಸಿಕ್ಕಿಸಿಕೊಂಡು ನಾವೇ ಸುತ್ತಾಡುವುದು ಒಂದು ಬಗೆ. ದೊಡ್ಡ ಗುಂಪಿನಲ್ಲಿ ಛತ್ರಿ ಎತ್ತಿ ಹಿಡಿದವನ ಹಿಂದೆ ಹೋಗಿ, ಪ್ರೇಕ್ಷಕರು ಕೂರುತ್ತಿದ್ದ ಕಲ್ಲಿನ ಸಾಲುಗಳಿಂದ ಕೆಳಗೆ ಇಣುಕಿ ನೋಡಿ ಬರುವುದು ಇನ್ನೊಂದು. ಹೋದ ತಿಂಗಳಿಂದಷ್ಟೇ ಶುರುವಾಗಿರುವುದು ಬೇರೆ: ಸಣ್ಣ ಗುಂಪು, ಒಬ್ಬ ಗೈಡ್, ಮೇಲಿನಿಂದ ನೋಡುವುದಲ್ಲ, ಕೆಳಗೆ ಇಳಿಸಿ ಆಡುತ್ತಿದ್ದ ನೆಲದ ಮೇಲೆಯೇ ನಿಲ್ಲಿಸುತ್ತಾರೆ. ಅಲ್ಲಿಂದ ಇನ್ನೂ ಕೆಳಗೆ, ಕಾದಾಡುವವರು ತಮ್ಮ ಸರದಿಗೆ ಕಾಯುತ್ತಿದ್ದ ಕತ್ತಲೆ ಓಣಿಗಳಿಗೂ ಕರೆದೊಯ್ಯುತ್ತಾರೆ. ಮೆಟ್ಟಿಲು ಕಡಿದಾಗಿದೆ, ಮೊಣಕಾಲು ನೋವಿದ್ದವರು ಯೋಚಿಸಿ ಬನ್ನಿ ಅಂತ ಎಚ್ಚರಿಕೆಯೂ ಇದೆ.

ಅನುಷ್ಕಾ "ಅಮ್ಮಾ, ಜಸ್ಟ್ ಪಿಕ್ ಒನ್" ಅಂದಳು. ನಾನು ಕೆಳಗಿನದ್ದನ್ನೇ ಆರಿಸಿದೆ. ಅವಳು ನನ್ನ ಮೊಣಕಾಲನ್ನೊಮ್ಮೆ, ಮುಖವನ್ನೊಮ್ಮೆ ನೋಡಿ "ಆರ್ ಯೂ ಶೂರ್?" ಅಂದಳು. ಇಷ್ಟು ಶೂರ್ ನಾನು ನಿಮ್ಮನ್ನು ಮದುವೆಯಾಗುವಾಗಲೂ ಇರಲಿಲ್ಲ.

ಏಕೆ ಅಂತ ನೀವು ಕೇಳುತ್ತೀರಿ. ಮೈಸೂರಿನ ನಮ್ಮ ಗರಡಿಮನೆ ನೀವು ನೋಡಿದ್ದೀರಿ. ಮದುವೆಗೆ ಮುಂಚೆ ನಮ್ಮಪ್ಪ, ಪೈಲ್ವಾನ್ ಚೆಲುವಯ್ಯ, ನಿಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಹನುಮಂತನ ಪಟಕ್ಕೆ ಕೈ ಮುಗಿಸಿ, ಕೆಮ್ಮಣ್ಣಿನ ಅಖಾಡದಲ್ಲಿ ನಿಲ್ಲಿಸಿ "ನಾಲ್ಕು ದಂಡ ಹೊಡೀರಿ ನೋಡೋಣ ಅಳಿಯಂದ್ರೇ" ಅಂದಿದ್ದರು. ನೀವು ಎರಡಕ್ಕೇ ಬಿದ್ದಿರಿ. ಈ ಕಥೆ ನನಗೆ ಹೇಳಿದವರು ನೀವೇ. ನಾನು ನೋಡಲಿಲ್ಲ, ಯಾಕೆಂದರೆ ನನಗೆ ಒಳಗೆ ಪ್ರವೇಶವೇ ಇರಲಿಲ್ಲ. ಹೆಣ್ಣುಮಕ್ಕಳು ಆ ಮಣ್ಣು ತುಳಿಯಬಾರದು. ನಮ್ಮಮ್ಮ ನಿಂಗಮ್ಮ ಅಷ್ಟು ವರ್ಷ ಬಾದಾಮಿ ಅರೆದು ಹಾಲು ಕಾಸಿ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದಳೇ ಹೊರತು ಒಂದು ದಿನವೂ ಒಳಗೆ ಕಾಲಿಡಲಿಲ್ಲ. ನಾನು ಬಕೆಟ್ ಬೋರಲು ಹಾಕಿ ಹತ್ತಿ ಕಿಂಡಿಯಲ್ಲಿ ನೋಡುತ್ತಿದ್ದೆ. ಕಾಣುತ್ತಿದ್ದದ್ದು ಬೆನ್ನುಗಳು ಮಾತ್ರ.

ಮದುವೆಯಾದ ಮೇಲೂ ನೋಡಿದ್ದು ಬೆನ್ನೇ. ಕೋಪ ಮಾಡಿಕೊಳ್ಳಬೇಡಿ, ನಿಜ ಹೇಳುತ್ತಿದ್ದೇನೆ. ನಯಾಗರಾ ಇರಲಿ, ವಾಷಿಂಗ್ಟನ್ ಇರಲಿ, ಮ್ಯಾಪು ಹಿಡಿದು ಮುಂದೆ ನೀವು, ನೀರಿನ ಬಾಟಲಿ, ಚಪಾತಿ ಡಬ್ಬಿ ಹಿಡಿದು ಹಿಂದೆ ನಾನು. ನಾನು ಏನನ್ನಾದರೂ ನೋಡುತ್ತಾ ನಿಂತರೆ "ಫೋಟೋ ತೆಗೆದಾಯ್ತಲ್ಲ, ನಡಿ ನಡಿ". ಯಾವ ಊರಿಗೆ ಹೋದರೂ ನನಗೆ ನೆನಪಿರುವುದು ನಿಮ್ಮ ನೀಲಿ ಜಾಕೆಟ್ಟು. ಈ ಸಲ ಹಾಗಾಗುವುದಿಲ್ಲ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಓದಿದೆ, 'ಅರೀನಾ' ಅನ್ನುವ ಮಾತಿಗೆ ಅವರ ಹಳೆಯ ಭಾಷೆಯಲ್ಲಿ ಮರಳು ಅಂತ ಅರ್ಥವಂತೆ. ರಕ್ತ ಇಂಗಲಿ ಅಂತ ನೆಲಕ್ಕೆ ಮರಳು ಹರಡುತ್ತಿದ್ದರಂತೆ. ಅಂದರೆ ಅದೂ ಮಣ್ಣೇ ತಾನೇ? ಅಷ್ಟು ದೂರ ಹೋಗಿ ನಾನು ಮತ್ತೆ ಕಿಂಡಿಯಲ್ಲಿ ನೋಡಿ ಬರಬೇಕೇ? ಸಾಧ್ಯವಿಲ್ಲ ರೀ. ನಾನು ಕೆಳಗೆ ಇಳಿದು ನಿಲ್ಲುತ್ತೇನೆ.

ಹೋದ ವರ್ಷದ ದೀಪಾವಳಿ ಪಾಟ್‌ಲಕ್ ಊಟದ ಮಾತನ್ನೂ ಎತ್ತಿಬಿಡುತ್ತೇನೆ, ನಮ್ಮಿಬ್ಬರ ಮಧ್ಯೆ ಅದು ಕೊಳೆಯುತ್ತಾ ಕೂತಿರುವುದು ಬೇಡ. ನಿಮ್ಮ ಬ್ಯಾಂಕು ಮುಳುಗಿ ಕೆಲಸ ಹೋದದ್ದು ನಿಮ್ಮ ತಪ್ಪಲ್ಲ. ಆ ವರ್ಷ ಅರ್ಧ ಮ್ಯಾನ್‌ಹಟನ್ನೇ ಪೆಟ್ಟಿಗೆ ಹೊತ್ತು ಹೊರಗೆ ಬಂತು. ನೀವು ಮಾತ್ರ ಎಲ್ಲರ ಹತ್ತಿರ 'ಕನ್ಸಲ್ಟಿಂಗ್' ಅಂದಿರಿ. ನಾನೂ ಒಂದು ವರ್ಷ ಹೌದು ಹೌದು ಅಂದೆ. ಆ ದಿನ ಯಾರೋ ಹುಡುಗ ತನಗೂ ಕೆಲಸ ಹೋಗಿದೆ ಅಂತ ಅಳುಮುಖ ಮಾಡಿಕೊಂಡು ನಿಮ್ಮನ್ನು ದಾರಿ ಕೇಳಿದ. ನೀವು ಅವನಿಗೆ ಕನ್ಸಲ್ಟಿಂಗ್‌ನ ಲಾಭಗಳ ಮೇಲೆ ಭಾಷಣ ಬಿಗಿಯುತ್ತಿದ್ದಿರಿ. ನನಗೆ ತಡೆಯಲಾಗಲಿಲ್ಲ. "ಇವರದ್ದು ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋ ಕೇಸು ಕಣಪ್ಪಾ, ಇವರಿಗೂ ಕೆಲಸ ಹೋಗಿ ವರ್ಷವಾಯ್ತು" ಅಂದುಬಿಟ್ಟೆ. ಎಲ್ಲರೂ ನಕ್ಕರು. ಹೇಳಿದ್ದಕ್ಕೆ ನನಗೆ ಬೇಸರವಿಲ್ಲ. ನಾನೂ ಅವರ ಜೊತೆ ನಕ್ಕೆನಲ್ಲ, ಅದು ಬೇಡವಾಗಿತ್ತು.

ಆ ಗಾದೆ ನಮ್ಮಪ್ಪನಿಗೆ ಆಗುತ್ತಿರಲಿಲ್ಲ, ಗೊತ್ತೇ ನಿಮಗೆ? "ಮಣ್ಣಾಗದ ಮೀಸೆ ಯಾವ ಪೈಲ್ವಾನಂದವ್ವಾ? ಬೀಳದೆ ಇರೋನು ಅಖಾಡಕ್ಕೇ ಇಳಿದೋನಲ್ಲ" ಅನ್ನುತ್ತಿದ್ದರು. ಬಿದ್ದವನು ಎದ್ದು, ಮೈ ಕೊಡವಿ, ಗೆದ್ದವನ ಕೈ ಹಿಡಿದು ಎತ್ತಿ, ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಬೇಕು, ಅಷ್ಟೇ. ಅಂಥ ಮನುಷ್ಯನನ್ನು ನೀವು ಈ ದೇಶಕ್ಕೆ ಬಂದ ಮೇಲೆ 'ಸ್ಪೋರ್ಟ್ಸ್ ಆಫೀಸರ್' ಮಾಡಿದಿರಿ. ಮುಕುಂದ್‌ಗೂ ಹಾಗೇ ಹೇಳಿದ್ದೀರಿ. ಈಗ ಸೀಕಾಕಸ್‌ನ ಗೋದಾಮಿನಲ್ಲಿ ಸರಕಿನ ಲೆಕ್ಕ ನೋಡುವ ಕೆಲಸ ಮಾಡುತ್ತಿದ್ದೀರಿ, ಅದನ್ನು ಮಗಳ ಹತ್ತಿರ 'ಸಪ್ಲೈ ಚೈನ್ ಸ್ಟ್ರಾಟಜಿ' ಅನ್ನುತ್ತೀರಿ. ಅವಳಿಗೆ ಎಲ್ಲ ಗೊತ್ತು. ಅವಳಿಗೆ ಅದರಲ್ಲಿ ನಾಚಿಕೆ ಕಂಡಿಲ್ಲ, ನನಗೂ ಕಂಡಿಲ್ಲ. ಬೆಳಿಗ್ಗೆ ಎದ್ದು ಮೈಬಗ್ಗಿಸಿ ದುಡಿಯುವ ಗಂಡನ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆ ಗಂಡ ಸಿಕ್ಕಿದರೆ ಹೇಳಿ ಕಳಿಸಿ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಹಾಗೆ ಆ ಬಸ್ಸು ಹತ್ತುವುದು ಯಾರಿಗೋಸ್ಕರ? ಮುಕುಂದ್ ಇನ್ನೂ ದೊಡ್ಡ ಕುರ್ಚಿಯಲ್ಲಿದ್ದಾನೆ, ಅವನೆದುರು ತಲೆ ತಗ್ಗಬಾರದು ಅಂತ ತಾನೇ? ಜರ್ಸಿ ಸಿಟಿಯಲ್ಲಿ ಪಕ್ಕದ ಮನೆಯಲ್ಲಿದ್ದಾಗ ನಮ್ಮ ಹೀಟರ್ ಕೆಟ್ಟರೆ ಅವರ ಮನೆಯಲ್ಲೇ ಮಲಗುತ್ತಿದ್ದೆವು. ಅಂಥವರ ಎದುರು ನಾಟಕ ಆಡಿದರೆ ನಾಲಿಗೆ ಸೇದಿಹೋಗುತ್ತದೆ. ಈ ಪತ್ರ ಪೋಸ್ಟ್ ಮಾಡುವ ಮೊದಲು ರಂಜನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಮುಂಚಿತವಾಗಿ ನಿಮಗೆ ತಿಳಿಸುತ್ತಿರುವುದು ನಿಮ್ಮನ್ನು ಕೇಳುವುದಕ್ಕಲ್ಲ. ಹೋದ ಸಲದ ಹಾಗೆ ನಾಲ್ಕು ಜನರ ಎದುರು ಗೊತ್ತಾಗುವುದು ಬೇಡ, ಅದಕ್ಕೆ.

ನನಗೆ ಹೆದರಿಕೆಯೇ ಇಲ್ಲ ಅಂದುಕೊಳ್ಳಬೇಡಿ. ನೆವಾರ್ಕ್ ಏರ್‌ಪೋರ್ಟಿನಲ್ಲಿ ಒಬ್ಬಳೇ ಲೈನಿನಲ್ಲಿ ನಿಲ್ಲಬೇಕಲ್ಲ? ಅಲ್ಲಿ ಇಳಿದ ಮೇಲೆ ಟ್ಯಾಕ್ಸಿಯವನು ಎಲ್ಲಿಗೋ ಕರೆದುಕೊಂಡು ಹೋದರೆ? ಕೆಳಗಿನ ಓಣಿಯಲ್ಲಿ ಕಾಲು ಸೋತು ಕೂತುಬಿಟ್ಟರೆ? ಎಲ್ಲ ಯೋಚಿಸಿದ್ದೇನೆ. ಡೆಂಟಿಸ್ಟ್ ಆಫೀಸಿನ ಕೆಲಸಕ್ಕೆ ಹೋಗುವ ಮೊದಲು ದಿನಾ ಮಾಲ್‌ನಲ್ಲಿ ನಡೆಯುತ್ತೇನೆ. ಮೆಟ್ಟಿಲು ಇಳಿಯುವಾಗ ಹಿಡಿಕೆ ಬಿಡದೆ, ಬಲಗಾಲು ಮೊದಲು. ನಮ್ಮ ಬೀದಿಯ ವೀರಬಸಮ್ಮ ಆಂಟಿ ಎಪ್ಪತ್ತರ ವಯಸ್ಸಿನಲ್ಲಿ ಇಲ್ಲಿಂದ ಒಬ್ಬರೇ ಹುಬ್ಬಳ್ಳಿಗೆ ಹೋಗಿ ಬಂದವರು. "ಅಂಜಿದ್ರ ಏನ್ ಮನ್ಯಾಗ ಸಾವು ಬರೂದಿಲ್ಲೇನವಾ? ಹೋಗ್ ಬಾ" ಅಂದರು. ಆಶೀರ್ವಾದ ಅಂತಲೇ ತೆಗೆದುಕೊಂಡಿದ್ದೇನೆ.

ಗೈಡ್ ಒಬ್ಬ ಹೆಂಗಸು. ನಿಧಾನ ನಡೆಯುವವರಿಗೆ ತೊಂದರೆಯೇ ಅಂತ ಈಮೇಲಿನಲ್ಲಿ ಕೇಳಿದೆ. ನಿಮ್ಮ ಕಾಲಿಗೆ ತಕ್ಕ ಹಾಗೆ ನಾನು ನಡೆಯುತ್ತೇನೆ ಅಂತ ಬರೆದಿದ್ದಾಳೆ. ಈ ಮಾತನ್ನು ಇದುವರೆಗೂ ನನಗೆ ಯಾರೂ ಹೇಳಿರಲಿಲ್ಲ. ಕಂಪ್ಯೂಟರಿನ ಎದುರು ಕೂತು ಅತ್ತುಬಿಟ್ಟೆ.

ಏಪ್ರಿಲ್‌ನಲ್ಲಿ ಹೋಗುತ್ತೇನೆ. ಗುಂಪಿನಲ್ಲಿ ಇನ್ನೊಂದು ಜಾಗವನ್ನು ಈ ತಿಂಗಳ ಕೊನೆಯವರೆಗೆ ಹಿಡಿದಿಡು ಅಂತ ಅವಳಿಗೆ ಹೇಳಿದ್ದೇನೆ. ಬರುವುದಾದರೆ ಬನ್ನಿ. ಮುಂದೆಯೂ ಅಲ್ಲ, ಹಿಂದೆಯೂ ಅಲ್ಲ, ಪಕ್ಕದಲ್ಲಿ. ಯಾರಾದರೂ ಕೇಳಿದರೆ ನಮ್ಮ ಕಥೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅದು ನಿಮ್ಮಿಂದ ಆಗದು ಅನಿಸಿದರೆ ಬರಬೇಡಿ, ಬಲವಂತವಿಲ್ಲ, ನಾನು ಒಬ್ಬಳೇ ಹೋಗಿ ಬರುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಪಾಸ್‌ಪೋರ್ಟ್ ಮಾತ್ರ ಕಳಿಸಿ, ರಿಜಿಸ್ಟರ್ಡ್ ಪೋಸ್ಟಿನಲ್ಲಿ. 'ನೋಡೋಣ' ಅಂತ ಚೀಟಿ ಬರೆದು ಕಳಿಸಬೇಡಿ.

ಚಳಿ ಶುರುವಾಯಿತು. ನಿಮ್ಮ ದಪ್ಪ ಸ್ವೆಟರ್ ಇಲ್ಲೇ ಉಳಿದಿತ್ತು, ಅನುಷ್ಕಾ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ.

ಇಂತಿ,
ಪೈಲ್ವಾನ್ ಚೆಲುವಯ್ಯನವರ ಮಗಳು
ಚಂದ್ರಾವತಿ

ತಾ.ಕ.: ಇಂದು ಬುಧವಾರ. ರಂಜನಿಗೆ ಫೋನ್ ಮಾಡಿದೆ. ನಾವಿಬ್ಬರೂ ಜನವರಿಯಿಂದ ಬೇರೆ ಬೇರೆ ಇದ್ದೇವೆ, ಬಸ್ಸಿನ ಟೂರಿಗೆ ನಾನು ಬರುವುದಿಲ್ಲ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ನಮಗಾಗಿ ಅಳುತ್ತಿದ್ದಾಳೆ ಅಂತ ಸಮಾಧಾನ ಮಾಡಲು ಹೋದೆ. ನಮಗಾಗಿ ಅಲ್ಲ. ಮುಕುಂದ್‌ಗೆ ಮಾರ್ಚಿನಿಂದ ಕೆಲಸವಿಲ್ಲವಂತೆ. ನಮಗೆ ಗೊತ್ತಾಗಬಾರದು ಅಂತಲೇ ಅವರು ಆ ಟೂರಿಗೆ ಹೆಸರು ಕೊಟ್ಟಿದ್ದರಂತೆ. "ದಿವಾಕರ ಏನಂದ್ಕೋತಾನೋ, ಅದೊಂದೇ ಚಿಂತೆ ಕಣೇ ಇವರಿಗೆ" ಅಂದಳು. ಅವನು ಬೇಸ್‌ಮೆಂಟಿನಲ್ಲೇ ಇರುತ್ತಾನಂತೆ, ಊಟಕ್ಕೂ ಮೇಲೆ ಬರುವುದಿಲ್ಲ, ಯಾರ ಹತ್ತಿರವೂ ಮಾತಿಲ್ಲ. ರಂಜನಿಗೆ ಭಯವಾಗಿದೆ. ಈ ಪತ್ರ ಕೈಗೆ ಸಿಕ್ಕ ದಿನವೇ ಅವನಿಗೆ ಫೋನ್ ಮಾಡಿ. ಮೊದಲು ನಿಮ್ಮದನ್ನು ಹೇಳಿ, ಆಮೇಲೆ ಅವನದನ್ನು ಕೇಳಿ.